ನೀರಿಗೆ ಇಳಿಯದ ಐವರು

ನಮ್ಮ ಸಂಘಟನೆ ಮಾಡಿದ ಮೊದಲ ಕೆಲಸ ಒಂದು ರಸ್ತೆಯನ್ನು ಅಳೆದದ್ದು. ನಾಶಿಕ್‌ನಿಂದ ಘೋಟಿಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಒಳಗೆ ತಿರುಗುವ ಕವಲು ದಾರಿ ಅದು. ಹಿಂದಿನ ವರ್ಷ ಅಲ್ಲಿ ಟ್ರಯಾಥ್ಲಾನ್ ನಡೆದಿತ್ತು. ಈಜು, ಸೈಕಲ್, ಓಟ ಮೂರನ್ನೂ ನಡುವೆ ನಿಲ್ಲದೆ ಒಂದೇ ಉಸಿರಿನಲ್ಲಿ ಎನ್ನುವಂತೆ ಮುಗಿಸುವ ಸ್ಪರ್ಧೆ. ಒಂದೂವರೆ ಕಿಲೋಮೀಟರ್ ಈಜು, ನಲವತ್ತು ಕಿಲೋಮೀಟರ್ ಸೈಕಲ್, ಹತ್ತು ಕಿಲೋಮೀಟರ್ ಓಟ. ನಮ್ಮಲ್ಲಿ ಹದಿನೇಳು ಜನ ಅದನ್ನೇ ಬದುಕಿನ ಕೆಲಸ ಮಾಡಿಕೊಳ್ಳಬೇಕೆಂದು ಹೊರಟಿದ್ದೆವು. ಹೊರಟವರಿಗೆ ತಾವು ಓಡುತ್ತಿದ್ದ ದಾರಿ ಎಷ್ಟು ಉದ್ದ ಎಂಬುದೇ ಗೊತ್ತಿರಲಿಲ್ಲ.

ಇದು ಎರಡು ಸಾವಿರದ ಹತ್ತರ ಆಚೀಚಿನ ಮಾತು. ನಾನು ಆಗ ನಾಶಿಕ್‌ನ ಒಂದು ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿ. ಬೀದರಿನವಳು, ವರ್ಗವಾಗಿ ಬಂದವಳು. ಈಜು ಮೊದಲಿನಿಂದ ಬರುತ್ತಿತ್ತು, ಉಳಿದೆರಡನ್ನು ಮೂವತ್ತು ದಾಟಿದ ಮೇಲೆ ಕಲಿತೆ. ಗೆಲ್ಲುವ ವಯಸ್ಸು ನನ್ನದಾಗಿರಲಿಲ್ಲ. ಆದರೆ ಅರ್ಜಿ ಬರೆಯುವುದು, ಕರಾರು ಓದುವುದು, ಕಚೇರಿಗಳಲ್ಲಿ ಕಾಯುವುದು ನನಗೆ ಬರುತ್ತಿತ್ತು. ಹಾಗಾಗಿ ಎಲ್ಲರೂ ಸೇರಿ ನನ್ನನ್ನು ಕಾರ್ಯದರ್ಶಿ ಮಾಡಿದ್ದರು.

ಅಳೆಯುವ ಕ್ರಮ ಹೀಗಿತ್ತು. ಮೊದಲು ನೇರವಾದ ಒಂದು ತುಂಡು ರಸ್ತೆಯನ್ನು ಉಕ್ಕಿನ ಟೇಪಿನಿಂದ ಐನೂರು ಮೀಟರ್ ಅಳೆದು ಎರಡೂ ತುದಿಗೆ ಮೊಳೆ ಹೊಡೆಯಬೇಕು. ಆ ಐನೂರು ಮೀಟರನ್ನು ಸೈಕಲ್ಲಿನಲ್ಲಿ ನಾಲ್ಕು ಸಲ ದಾಟಿ, ಮುಂದಿನ ಚಕ್ರ ಎಷ್ಟು ಸುತ್ತು ಉರುಳಿತು ಎಂದು ಎಣಿಸಬೇಕು. ಆಮೇಲೆ ಸ್ಪರ್ಧೆಯ ಇಡೀ ದಾರಿಯನ್ನು ಅದೇ ಸೈಕಲ್ಲಿನಲ್ಲಿ, ತಿರುವುಗಳ ಒಳ ಅಂಚಿಗೆ ಒಂದಡಿ ಬಿಟ್ಟು, ಓಲಾಡದೆ ಹೋಗಬೇಕು. ಬಿಸಿಲೇರಿದಂತೆ ಟ್ಯೂಬಿನ ಗಾಳಿ ಹಿಗ್ಗಿ ಚಕ್ರ ಕೂದಲೆಳೆಯಷ್ಟು ದೊಡ್ಡದಾಗುತ್ತದೆ, ಅದಕ್ಕೇ ಕೊನೆಯಲ್ಲಿ ಮತ್ತೆ ಮೊಳೆಗಳ ನಡುವೆ ನಾಲ್ಕು ಸಲ. ಸೈಕಲ್ ತುಳಿದವರು ಔರಂಗಾಬಾದಿನಿಂದ ಬಂದಿದ್ದ ಸೈಕಲ್ ಅಂಗಡಿಯವರು. ಆ ಊರು ಈಗ ಛತ್ರಪತಿ ಸಂಭಾಜಿನಗರ, ನಾವು ಆಗ ಕರೆಯುತ್ತಿದ್ದ ಹೆಸರಿನಲ್ಲೇ ಬರೆಯುತ್ತಿದ್ದೇನೆ. ಅವರ ತಂದೆ ಕಲಬುರಗಿ ಕಡೆಯ ಬಟ್ಟೆ ವ್ಯಾಪಾರಿ. ಇವರು ಹುಟ್ಟಿ ಬೆಳೆದದ್ದೆಲ್ಲ ಮರಾಠಿಯಲ್ಲಿ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಮರಾಠಿಗೆ ಜಾರುತ್ತಿದ್ದರು.

ಮೋಟರ್‌ಸೈಕಲ್ಲಿನಲ್ಲಿ ಅವರ ಹಿಂದೆ ಲಾರಿಗಳನ್ನು ತಡೆಯುತ್ತ ಬಂದವನು ಮಾಲೇಗಾಂವಿನ ನೇಕಾರ. ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಹನ್ನೆರಡು ತಾಸಿನ ಪಾಳಿ ಮಾಡಿ, ಉಳಿದ ಹೊತ್ತಿನಲ್ಲಿ ತರಬೇತಿ ಮಾಡುತ್ತಿದ್ದ. ಇಪ್ಪತ್ತಾರು ವರ್ಷ. ನಮ್ಮೆಲ್ಲರಲ್ಲಿ ಅವನೇ ವೇಗಿ. ಹಿಂದಿನ ವರ್ಷ ಇದೇ ದಾರಿಯಲ್ಲಿ ಅವನು ಮಾಡಿದ ಸಮಯವನ್ನು ನೋಡಿ, ಇವನು ದೇಶದ ತಂಡಕ್ಕೆ ಹೋಗುವವನು ಎಂದು ನಾವೆಲ್ಲ ಹೇಳಿಕೊಂಡಿದ್ದೆವು. ಆ ಸಮಯವನ್ನು ಅವನು ಒಂದು ಚೀಟಿಯಲ್ಲಿ ಬರೆದು ಮಗ್ಗದ ಪಕ್ಕದ ಗೋಡೆಗೆ ಅಂಟಿಸಿದ್ದನಂತೆ.

ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಮುಗಿಯಿತು. ನಲವತ್ತು ಎಂದು ಸಾರಿದ್ದ ದಾರಿ ಮೂವತ್ತಾರು ಕಿಲೋಮೀಟರೂ ಇರಲಿಲ್ಲ. ನಾನು ಕಾಗದವನ್ನು ಸೈಕಲ್ ಅಂಗಡಿಯವರಿಗೆ ಕೊಟ್ಟೆ, ಅವರು ನೇಕಾರನಿಗೆ ಕೊಟ್ಟರು. ಅವನು ಬಹಳ ಹೊತ್ತು ನೋಡಿ, ಇನ್ನೊಮ್ಮೆ ಅಳೆಯೋಣ ಎಂದ. ಮರುವಾರ ಇನ್ನೊಮ್ಮೆ ಅಳೆದೆವು. ಬದಲಾವಣೆ ನಾಲ್ಕೈದು ಮೀಟರ್ ಮಾತ್ರ. ಗೋಡೆಯ ಚೀಟಿ ಏನಾಯಿತೆಂದು ನಾನು ಕೇಳಲಿಲ್ಲ.

ಅಳತೆಯ ವರದಿಯನ್ನು ಕ್ರೀಡೆಗೆ ಸಂಬಂಧಿಸಿದ ಕಚೇರಿಗಳಿಗೆಲ್ಲ ಕಳಿಸಿದೆ. ಎರಡು ಕಡೆಯಿಂದ ಉತ್ತರವೇ ಬರಲಿಲ್ಲ. ಮೂರನೆಯ ಕಡೆ ಒಬ್ಬ ಅಧಿಕಾರಿ ಕುಳ್ಳಿರಿಸಿ ಚಹಾ ಕೊಟ್ಟು, ಆಟಗಾರರು ಆಡಬೇಕು, ಆಡಿಸುವ ಕೆಲಸ ಸಂಸ್ಥೆಗಳದ್ದು, ನೀವು ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದು ಸಮಾಧಾನವಾಗಿ ಹೇಳಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಹೇಳಿದ್ದನ್ನು ಅವರು ನಿಜವಾಗಿಯೂ ನಂಬಿದ್ದರು.

ಆಮೇಲೆ ನಾವು ನಮ್ಮದೇ ಕರಾರು ಬರೆಯಲು ಕೂತೆವು. ಕೂತದ್ದು ಔರಂಗಾಬಾದಿನ ಸೈಕಲ್ ಅಂಗಡಿಯ ಹಿಂಭಾಗದಲ್ಲಿ, ನೇತು ಹಾಕಿದ ಟಯರುಗಳ ಕೆಳಗೆ. ನಾನು ಶನಿವಾರ ಬ್ಯಾಂಕಿನ ಅರ್ಧ ದಿನ ಮುಗಿಸಿ ಯೇವಲಾ, ವೈಜಾಪುರ ದಾಟಿ ಬಸ್ಸಿನಲ್ಲಿ ಹೋಗುತ್ತಿದ್ದೆ. ವೃತ್ತಿಪರರು ಅಂದರೆ ಯಾರು ಎಂಬ ಪ್ರಶ್ನೆಗೇ ಎರಡು ಶನಿವಾರ ಹೋದವು. ಬಹುಮಾನ ಸಿಗುವವರು ಎಂದು ಕೆಲವರು, ಪ್ರಾಯೋಜಕರು ಇರುವವರು ಎಂದು ಕೆಲವರು. ಸ್ಪರ್ಧೆಗೆ ಮೊದಲೇ ನಮಗೆ ಏನು ಸಿಗುತ್ತದೆ, ನಮ್ಮಿಂದ ಏನು ಕೇಳುತ್ತಾರೆ ಎಂಬುದು ಬರಹದಲ್ಲಿ ಇರುವುದೇ ವೃತ್ತಿ ಎಂದು ನಾನು ಹೇಳಿದೆ. ಎಲ್ಲರೂ ಒಪ್ಪಿದರು. ಈಗ ಯೋಚಿಸಿದರೆ, ಬ್ಯಾಂಕಿನವಳಿಗೆ ಮಾತ್ರ ತೋಚುವ ಅರ್ಥ ಅದು.

ನಾಲ್ಕು ಷರತ್ತು ಬರೆದೆವು. ಅಳೆದ ದಾರಿ ಇರಬೇಕು. ನೀರಿನಲ್ಲಿ ಮೋಟರು ಇರುವ ಮೂರು ರಕ್ಷಣಾ ದೋಣಿಗಳಿರಬೇಕು. ಈಜು, ಸೈಕಲ್, ಓಟದ ಸಮಯಗಳನ್ನು ಬೇರೆಬೇರೆಯಾಗಿ ಪ್ರಕಟಿಸಬೇಕು. ಸ್ಪರ್ಧೆಯ ದಿನ ಆಟಗಾರರ ಪ್ರತಿನಿಧಿಯೊಬ್ಬರು ವ್ಯವಸ್ಥೆಯನ್ನು ನೋಡಿ ಒಪ್ಪಬೇಕು. ಕೆಳಗೆ ಒಂದು ಸಾಲು ಸೇರಿಸಿದೆವು: ಪ್ರತಿನಿಧಿ ಒಪ್ಪದಿದ್ದರೆ ನಮ್ಮಲ್ಲಿ ಯಾರೂ ನೀರಿಗೆ ಇಳಿಯುವುದಿಲ್ಲ. ನೀರಿನ ವಿಷಯ ನನಗೆ ಗೊತ್ತಿದ್ದುದರಿಂದ ಪ್ರತಿನಿಧಿ ನಾನೇ ಎಂದಾಯಿತು. ಹದಿನೇಳು ಜನರೂ ಸಹಿ ಹಾಕಿದರು.

ಹಾಗೆ ಸಹಿ ಹಾಕಿದವರಲ್ಲಿ ಒಬ್ಬಳು ನಿಫಾಡದ ಓಟಗಾರ್ತಿ. ಇಪ್ಪತ್ತೆರಡು ವರ್ಷದವಳು. ದ್ರಾಕ್ಷಿ ತೋಟಗಳಲ್ಲಿ ಕೂಲಿ. ಗೊಂಚಲಿನ ಕಾಯಿಗಳನ್ನು ಕತ್ತರಿಯಿಂದ ವಿರಳ ಮಾಡುವುದು, ಒಂದೊಂದೇ ಗೊಂಚಲನ್ನು ಔಷಧಿಯ ಡಬ್ಬಿಯಲ್ಲಿ ಅದ್ದುವುದು, ದಿನವಿಡೀ ತಲೆಯ ಮೇಲೆ ಕೈ ಎತ್ತಿಕೊಂಡೇ ಮಾಡುವ ಕೆಲಸ. ಅದರಿಂದಲೋ ಏನೋ ಅವಳ ಭುಜ ಗಟ್ಟಿಯಾಗಿತ್ತು. ಆದರೆ ಈಜು ಬರುತ್ತಿರಲಿಲ್ಲ. ನಾನು ಅವಳಿಗೆ ನಾಶಿಕ್‌ನ ಈಜುಕೊಳದಲ್ಲಿ ಹೆಂಗಸರ ಸಮಯದಲ್ಲಿ ಎಂಟು ತಿಂಗಳು ಕಲಿಸಿದೆ. ಕೊಳದಲ್ಲಿ ಬೇಗ ಕಲಿತಳು. ಜಲಾಶಯದ ಹಿನ್ನೀರಿಗೆ ಕರೆದುಕೊಂಡು ಹೋದಾಗ ತಳ ಕಾಣದ ನೀರಿನಲ್ಲಿ ಅವಳ ಉಸಿರು ಕಟ್ಟಿಬಿಡುತ್ತಿತ್ತು. ಆರು ಸಲ ಕೈ ಬೀಸಿ ಒಮ್ಮೆ ಕಣ್ಣನ್ನಷ್ಟೇ ಮೇಲೆತ್ತಿ ಮುಂದಿನ ಗುರುತನ್ನು ನೋಡಬೇಕು, ತಲೆ ಪೂರ್ತಿ ಎತ್ತಿದರೆ ಸೊಂಟ ಮುಳುಗುತ್ತದೆ ಎಂದು ಎಷ್ಟು ಹೇಳಿದರೂ, ಅವಳು ಹೆದರಿದಾಗಲೆಲ್ಲ ತಲೆ ಎತ್ತಿ ನಿಂತುಬಿಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಪೊಲೀಸ್ ಇಲಾಖೆಯಲ್ಲಿ ಕ್ರೀಡಾ ಕೋಟಾದ ಕೆಲಸ. ಓಟದಲ್ಲಿ ಅವಳಿಗಿಂತ ವೇಗದವರು ಜಿಲ್ಲೆಗೆ ಹತ್ತು ಜನರಿದ್ದರು. ಟ್ರಯಾಥ್ಲಾನಿನಲ್ಲಿ ಹೆಣ್ಣುಮಕ್ಕಳೇ ಕಡಿಮೆ. ಅದಕ್ಕೇ ಅವಳು ನೀರಿಗೆ ಬಂದಿದ್ದಳು.

ಔರಂಗಾಬಾದಿನ ಒಂದು ಕಾರ್ಯಕ್ರಮ ಕಂಪನಿ ಮುಂದೆ ಬಂತು. ಎರಡು ಊರುಗಳಲ್ಲಿ ಎರಡು ಸ್ಪರ್ಧೆ, ಮೊದಲು ನಾಶಿಕ್, ಆಮೇಲೆ ಔರಂಗಾಬಾದ್. ನಮ್ಮ ಹದಿನೇಳು ಜನರಿಗೆ ವೃತ್ತಿಪರರ ವಿಭಾಗ. ಗೆದ್ದವರಿಗೆ ಬಹುಮಾನ, ಮೊದಲ ಮೂವರಿಗೆ ಪ್ರಮಾಣಪತ್ರ. ಸೈಕಲ್ ಅಂಗಡಿಯವರು ಕಂಪನಿಯ ನಿರ್ದೇಶಕರ ಹಿಂದೆ ಬಿದ್ದು, ನಾಲ್ಕು ತಿಂಗಳು ಓಡಾಡಿ, ನಮ್ಮ ನಾಲ್ಕು ಷರತ್ತುಗಳಿಗೂ ಅವರ ಸಹಿ ಮಾಡಿಸಿದರು. ಕರಾರಿನ ಭಾಷೆ ನನ್ನದು. ಒಂದೊಂದು ಸಾಲನ್ನೂ ಮೂರು ಸಲ ತಿದ್ದಿದ್ದೆ. ಸಹಿಯಾದ ದಿನ ಅಂಗಡಿಯಲ್ಲಿ ಪೇಢೆ ಹಂಚಿದರು. ಭಾರತದಲ್ಲಿ ಆಟಗಾರರೇ ಬರೆದ ಮೊದಲ ಕರಾರು ಇದು ಎಂದು ಯಾರೋ ಅಂದರು. ಅದು ನಿಜವೋ ಸುಳ್ಳೋ ನಮಗೆ ಬೇಕಾಗಿರಲಿಲ್ಲ.

ನಾಶಿಕ್‌ನ ಸ್ಪರ್ಧೆಗೆ ಮೂರು ದಿನ ಇರುವಾಗ ಹಿನ್ನೀರಿನಲ್ಲಿ ಈಜಲು ಕೊಟ್ಟಿದ್ದ ಅನುಮತಿ ರದ್ದಾಯಿತು. ಕಾರಣ ಹೇಳಲಿಲ್ಲ. ಕಂಪನಿಯವರು ಈಜಿನ ಬದಲು ಇನ್ನೊಂದು ಓಟ ಇಡುತ್ತೇವೆ ಎಂದರು. ಈಜೇ ಇಲ್ಲದ್ದು ಟ್ರಯಾಥ್ಲಾನ್ ಹೇಗಾಗುತ್ತದೆ ಎಂದು ನಾನು ವಾದಿಸಿದೆ. ದೂರದೂರದಿಂದ ಎಲ್ಲರೂ ಬಂದು ಇಳಿದುಕೊಂಡಾಗಿದೆ, ತಪ್ಪು ಅವರದ್ದಲ್ಲ ಎಂದು ಸೈಕಲ್ ಅಂಗಡಿಯವರು ನನ್ನನ್ನು ಒಪ್ಪಿಸಿದರು. ಮುಂದಿನದರಲ್ಲಿ ಎಲ್ಲವೂ ಕರಾರಿನಂತೆ ಇರುತ್ತದೆ ಎಂದು ಒಂದು ಪತ್ರ ಬರೆಸಿಕೊಂಡು ಬಿಟ್ಟುಕೊಟ್ಟೆ. ಆ ದಿನ ನೇಕಾರ ಎಲ್ಲರಿಗಿಂತ ಮೂರು ನಿಮಿಷ ಮುಂದಿದ್ದ. ಆದರೆ ಆ ಸಮಯವನ್ನು ಯಾವುದಕ್ಕೂ ಹೋಲಿಸುವಂತಿರಲಿಲ್ಲ. ಹಣ್ಣಾದ ದ್ರಾಕ್ಷಿಯ ಬುಟ್ಟಿಯೊಂದನ್ನು ಅವನ ಕೈಯಲ್ಲಿಟ್ಟು ಫೋಟೊ ತೆಗೆದರು.

ಔರಂಗಾಬಾದಿನ ಸ್ಪರ್ಧೆ ಊರಾಚೆಯ ಒಂದು ಸಣ್ಣ ಜಲಾಶಯದಲ್ಲಿ. ಫೆಬ್ರವರಿ ತಿಂಗಳು. ಬೆಳಗಿನ ಆರೂವರೆಗೆ ನಾನು ದಂಡೆಗೆ ಹೋದಾಗ ಗಾಳಿ ಆಗಲೇ ಎದ್ದಿತ್ತು. ನೀರಿನ ಮೇಲೆ ಸಣ್ಣಸಣ್ಣ ಬಿಳಿ ತೆರೆ. ದೋಣಿ ಒಂದೇ ಇತ್ತು. ಅದಕ್ಕೂ ಮೋಟರಿಲ್ಲ. ಇಬ್ಬರು ಮೀನುಗಾರರು ಹುಟ್ಟು ಹಿಡಿದು ಕೂತಿದ್ದರು. ಉಳಿದ ಎರಡು ದೋಣಿಗಳನ್ನು ತರುತ್ತಿದ್ದ ಲಾರಿ ದಾರಿಯಲ್ಲಿ ಕೆಟ್ಟು ನಿಂತಿದೆ, ಬರುತ್ತದೆ ಎಂದರು.

ಈಜಿನ ದಾರಿ ತ್ರಿಕೋನದ ಆಕಾರದ್ದು, ಮೂಲೆಗಳಲ್ಲಿ ಕಿತ್ತಳೆ ಬಣ್ಣದ ತೇಲುಗುಂಡು. ಅವನ್ನು ಮರಳಿನ ಚೀಲಕ್ಕೆ ಹಗ್ಗ ಕಟ್ಟಿ ತಳಕ್ಕೆ ಇಳಿಸಿರುತ್ತಾರೆ. ದಂಡೆಯಿಂದ ನೋಡಿದರೆ ಎರಡನೆಯದು ಜಾಗ ಬಿಟ್ಟು ಸರಿದಂತೆ ಕಂಡಿತು. ಪ್ರತಿನಿಧಿ ನೋಡಿ ಒಪ್ಪಬೇಕೆಂದು ಕರಾರಿತ್ತಲ್ಲ, ನಾನು ನೀರಿಗೆ ಇಳಿದೆ. ನೀರು ಎದೆಗೆ ಬಡಿದ ಹಾಗೆ ತಣ್ಣಗಿತ್ತು. ಮೊದಲ ತೇಲುಗುಂಡಿನ ತನಕ ಏನೂ ತೊಂದರೆಯಾಗಲಿಲ್ಲ. ಎರಡನೆಯದು ನಿಜವಾಗಿಯೂ ಸರಿದಿತ್ತು, ಗಾಳಿ ಅದನ್ನು ಚೀಲ ಸಮೇತ ಆಚೆ ದಂಡೆಯ ಕಡೆ ಎಳೆದಿತ್ತು. ಅದರ ಹತ್ತಿರ ಹೋಗುತ್ತಿರುವಾಗ ಕಾಲಿಗೆ ಏನೋ ತಾಗಿತು, ಮುಳುಗಿದ ಜಾಲಿ ಗಿಡದ ಕೊಂಬೆ ಎಂದುಕೊಂಡೆ. ಮುಂದಿನ ಸಲ ಕಾಲು ಬಡಿದಾಗ ಎಡಪಾದ ವಾಪಸು ಬರಲಿಲ್ಲ. ಮೀನಿನ ಬಲೆ. ಆ ಗಿಡಗಳ ನಡುವೆ ಯಾರೋ ಹಾಕಿ ಬಿಟ್ಟಿದ್ದು. ಉಸಿರು ತುಂಬಿಕೊಂಡು ಬಗ್ಗಿ ಎರಡೂ ಕೈಯಿಂದ ಬಿಡಿಸಿಕೊಂಡೆ. ಹೆಚ್ಚೆಂದರೆ ಇಪ್ಪತ್ತು ಸೆಕೆಂಡು. ದಂಡೆಗೆ ಬಂದಾಗ ಹಿಮ್ಮಡಿಯ ಮೇಲೆ ಗೆರೆ ಎಳೆದಂತೆ ಕೊಯ್ದಿತ್ತು.

ನಿರ್ದೇಶಕರಿಗೆ ಹೇಳಿದೆ. ಬಲೆ ತೆಗೆಸಿ, ತೇಲುಗುಂಡು ಸರಿಸಿ, ಎರಡು ತಾಸು ತಡವಾಗಿ ಆರಂಭಿಸಿ, ಅಷ್ಟರಲ್ಲಿ ದೋಣಿಗಳೂ ಬರುತ್ತವೆ. ಅವರು ಕೆಟ್ಟ ಮನುಷ್ಯರಲ್ಲ. ಮುಖ ಬಿಳುಚಿಕೊಂಡಿತ್ತು. ಸೈಕಲ್ ದಾರಿಗೆ ಪೊಲೀಸರು ಹತ್ತು ಗಂಟೆಯ ತನಕ ಮಾತ್ರ ವಾಹನ ತಡೆಯುತ್ತಾರೆ, ಒಂದು ನಿಮಿಷ ಹೆಚ್ಚು ಸಿಗುವುದಿಲ್ಲ ಎಂದರು. ಹಾಗಾದರೆ ನಾನು ಒಪ್ಪುವುದಿಲ್ಲ ಎಂದೆ. ಅವರು "ಮ್ಯಾಡಮ್, ರೇಸ್ ಆಗುತ್ತದೆ. ಇಳಿಯುವವರು ಇಳಿಯಲಿ. ಇಳಿಯದವರ ಹೆಸರು ತೆಗೆಯುತ್ತೇವೆ" ಎಂದು ಹೋದರು.

ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದ ಜಾಗದಲ್ಲಿ ನಮ್ಮ ಹದಿನೇಳು ಜನ ಸೇರಿದರು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಕಾಲು ತೋರಿಸಿದೆ. ಕರಾರಿನ ಕೊನೆಯ ಸಾಲನ್ನು ನೆನಪಿಸಿದೆ. ಎಲ್ಲರೂ ಸಂಖ್ಯೆ ಬರೆದ ಹಳದಿ ಟೋಪಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಮೊದಲು ಮಾತಾಡಿದವರು ಸೈಕಲ್ ಅಂಗಡಿಯವರು.

"ಅಕ್ಕಾ, ನಾಶಿಕ್‌ದಾಗ ಬಿಟ್ಟುಕೊಟ್ಟೀವಿ. ಇಲ್ಲಿ ಯಾಕ ಆಗೂದಿಲ್ಲ? ಇವತ್ತು ನಾವು ನಿಂತ್ರ ಈ ಕಂಪನಿ ಪರತ್ ಬರೂದಿಲ್ಲ. ಬೇರೆ ಯಾರೂ ಬರೂದಿಲ್ಲ. ಆಮ್ಯಾಗ ಎಲ್ಲಿ ರೇಸ್ ಮಾಡೋದ್ರಿ ನಾವು?"

ನಾಶಿಕ್‌ನಲ್ಲಿ ಕೈಬಿಟ್ಟದ್ದು ಸ್ಪರ್ಧೆಯನ್ನು, ಇಲ್ಲಿ ಕೈಬಿಡುವುದು ಜೀವವನ್ನು ಎಂದೆ. ಅವರು ತಲೆ ತಗ್ಗಿಸಿದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾಲ್ಕು ತಿಂಗಳು ಆ ಕಂಪನಿಯ ಬಾಗಿಲು ಕಾದವರು ಅವರು, ನಾನಲ್ಲ.

ಆಗ ನಿಫಾಡದವಳು ನನ್ನ ಹತ್ತಿರ ಬಂದಳು. ನನ್ನನ್ನು ಮರಾಠಿಯಲ್ಲಿ ತಾಈ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದಳು. ಎಲ್ಲರಿಗೂ ಕೇಳುವಂತೆ ಮಾತಾಡಲಿಲ್ಲ. ನನಗಷ್ಟೇ ಹೇಳಿದಳು.

"ತಾಈ, ನೀವು ಇವತ್ತು ಇಳೀಲಿಲ್ಲ ಅಂದ್ರೂ ಸೋಮವಾರ ಬ್ಯಾಂಕಿಗೆ ಹೋಗ್ತೀರಿ. ನಾನು ಎಲ್ಲಿಗೆ ಹೋಗಲಿ?"

ಅವಳ ದನಿಯಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ನಿಜಕ್ಕೂ ಕೇಳುತ್ತಿದ್ದಳು, ಉತ್ತರ ಇದ್ದರೆ ನಿಲ್ಲುತ್ತಿದ್ದಳು. ಎರಡನೆಯ ತೇಲುಗುಂಡಿನ ಎಡಕ್ಕೆ ಹೋಗಬೇಡ, ಬಲಗಡೆಯಿಂದ ದೊಡ್ಡದಾಗಿ ಸುತ್ತು ಹಾಕು, ಕಾಲು ಹೆಚ್ಚು ಬಡಿಯಬೇಡ ಎಂದಷ್ಟೇ ಹೇಳಿದೆ. ಅವಳು ಟೋಪಿ ಹಾಕಿಕೊಂಡಳು. ಪ್ರತಿನಿಧಿಯಾಗಿ ಬೇಡ ಎಂದವಳೇ ಅವಳಿಗೆ ದಾರಿ ಹೇಳಿಕೊಟ್ಟದ್ದನ್ನು ಉಳಿದವರು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಹೋದರು. ಸೈಕಲ್ ಅಂಗಡಿಯವರು ಕೊನೆಯವರು. ಹೋಗುವಾಗ ನನ್ನ ಮುಖ ನೋಡಲಿಲ್ಲ.

ಹನ್ನೆರಡು ಜನ ಇಳಿದರು. ಐವರು ಉಳಿದೆವು. ನಾನು, ಶಾಲೆಯೊಂದರ ದೈಹಿಕ ಶಿಕ್ಷಕರಾದ ಇಬ್ಬರು, ಸೇನೆಯಿಂದ ನಿವೃತ್ತರಾದ ಒಬ್ಬರು, ಮತ್ತೆ ನೇಕಾರ. ಉಳಿದ ನಾಲ್ವರಿಗೆ ತಿಂಗಳ ಸಂಬಳವೋ ಪಿಂಚಣಿಯೋ ಇತ್ತು. ಅವನೊಬ್ಬನಿಗೆ ಏನೂ ಇರಲಿಲ್ಲ. ಆ ದಿನ ಇಳಿದಿದ್ದರೆ ಅವನೇ ಗೆಲ್ಲುತ್ತಿದ್ದ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನೀನು ಹೋಗು ಎಂದು ನಾನು ಅವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅವನೂ ಹೋದರೆ ನನ್ನ ಮಾತಿಗೆ ಏನೂ ಉಳಿಯುವುದಿಲ್ಲ ಎಂದು ಆಗ ಅನ್ನಿಸಿತ್ತು. ಅವನು ಸಹಿ ಹಾಕಿದ್ದೇನೆ ಎಂದಷ್ಟೇ ಹೇಳಿ ನನ್ನ ಪಕ್ಕ ನಿಂತ.

ಸೀಟಿ ಊದಿದರು. ಮೊದಲ ತಂಡದಲ್ಲಿ ನಮ್ಮ ಹನ್ನೆರಡು ಜನ ಮಾತ್ರ, ಉಳಿದ ವಿಭಾಗದವರಿಗೆ ದಂಡೆಯ ಹತ್ತಿರ ಚಿಕ್ಕ ಈಜು, ಆಮೇಲೆ. ಹಾಗಾಗಿ ಎಣಿಸುವುದು ಸುಲಭವಿತ್ತು. ನಾನು ದಿಬ್ಬದ ಮೇಲೆ ನಿಂತು ಎಣಿಸಿದೆ. ಮೊದಲ ತೇಲುಗುಂಡಿನ ಹತ್ತಿರ ಹನ್ನೆರಡು ಹಳದಿ ಟೋಪಿ. ಗಾಳಿ ಜೋರಾಗಿತ್ತು. ತೆರೆಗಳ ನಡುವೆ ಟೋಪಿಗಳು ಕಾಣುತ್ತಿದ್ದವು, ಕಾಣೆಯಾಗುತ್ತಿದ್ದವು. ಹುಟ್ಟಿನ ದೋಣಿ ಹಿಂದೆಯೇ ಉಳಿದಿತ್ತು. ಎರಡನೆಯ ತೇಲುಗುಂಡಿನ ಹತ್ತಿರ ಮತ್ತೆ ಎಣಿಸಿದೆ. ಹನ್ನೊಂದು. ಇನ್ನೊಮ್ಮೆ ಎಣಿಸಿದೆ. ಹನ್ನೊಂದು.

ಈ ಬರಹದಲ್ಲಿ ಬರೆಯಬೇಕಾದ್ದು ಇರುವುದು ಇದೊಂದೇ. ಆ ಕ್ಷಣದಲ್ಲಿ ನನ್ನೊಳಗೆ ಮೊದಲು ಎದ್ದದ್ದು ಭಯವಲ್ಲ. ನಾನು ಹೇಳಿದ್ದೆನಲ್ಲ ಎಂಬ ಮಾತು. ಒಂದು ಬಗೆಯ ನಿರಾಳ. ನನ್ನ ಮಾತು ನಿಜವಾಯಿತು, ಇನ್ನು ಯಾರೂ ನನ್ನನ್ನು ಹೆದರುಪುಕ್ಕಲಿ ಎನ್ನುವಂತಿಲ್ಲ ಎಂಬ ನಿರಾಳ. ಭಯ ಅದರ ಹಿಂದೆ ಬಂತು. ನಾನು ಓಡಿ ನೀರಿಗೆ ಬೀಳಬೇಕಿತ್ತು, ಅಲ್ಲಿದ್ದವರಲ್ಲಿ ಚೆನ್ನಾಗಿ ಈಜುವವಳು ನಾನೇ. ಕಾಲು ಕದಲಲಿಲ್ಲ. ಅರ್ಧ ನಿಮಿಷ ಇರಬಹುದು. ಆಮೇಲೆ ತೇಲುಗುಂಡಿನ ಆಚೆ ಬದಿಯಿಂದ ಹನ್ನೆರಡನೆಯ ಟೋಪಿ ಹೊರಬಂತು. ನಿಫಾಡದವಳು. ಉಸಿರು ಕಟ್ಟಿ, ತೇಲುಗುಂಡನ್ನು ತಬ್ಬಿ ಹಿಡಿದು ಸುಧಾರಿಸಿಕೊಂಡು, ಮತ್ತೆ ಹೊರಟಿದ್ದಳು.

ಎಲ್ಲರೂ ದಡ ಸೇರಿದರು. ಯಾರೂ ಬಲೆಗೆ ಸಿಕ್ಕಲಿಲ್ಲ. ತೇಲುಗುಂಡು ಅಷ್ಟರಲ್ಲಿ ಇನ್ನಷ್ಟು ಸರಿದು ಬಲೆಯಿಂದ ದೂರ ಹೋಗಿದ್ದಿರಬೇಕು. ನಿಫಾಡದವಳು ನೀರಿನಿಂದ ಕೊನೆಯವಳಾಗಿ ಎದ್ದು, ಸೈಕಲ್ಲಿನಲ್ಲಿ ಇಬ್ಬರನ್ನು, ಓಟದಲ್ಲಿ ಇನ್ನೂ ಕೆಲವರನ್ನು ಹಿಂದೆ ಹಾಕಿ ಹೆಂಗಸರಲ್ಲಿ ಎರಡನೆಯವಳಾದಳು. ದೋಣಿಗಳ ಲಾರಿ ಬಹುಮಾನ ಕೊಡುವ ಹೊತ್ತಿಗೆ ಬಂತು. ಅದನ್ನು ನೋಡಿ ಕೆಲವರು ನಕ್ಕರು. ನಿರ್ದೇಶಕರು ನನ್ನ ಕಡೆ ನೋಡಿ ಕೈ ಮುಗಿದರು. ಅದು ಗೆದ್ದವರ ಸೊಕ್ಕಿನ ನಮಸ್ಕಾರವಾಗಿರಲಿಲ್ಲ. ಸದ್ಯ ಬದುಕಿಕೊಂಡೆ ಎಂಬ ನಮಸ್ಕಾರ. ಆದರೆ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ಅನಾಹುತ ಆಗದಿದ್ದರೆ ಎಚ್ಚರಿಸಿದವರು ಏನಾಗುತ್ತಾರೆ ಎಂಬುದನ್ನು ಮುಂದಿನ ತಿಂಗಳುಗಳಲ್ಲಿ ಕಲಿತೆ. ಬಲೆಯೇ ಇರಲಿಲ್ಲ ಎಂದರು. ವಯಸ್ಸಾಗಿದೆ, ತಣ್ಣೀರಿಗೆ ಹೆದರಿದಳು ಎಂದರು. ಸಭೆ ಕರೆದರೆ ಮೊದಲು ಒಂಬತ್ತು ಜನ ಬಂದರು, ಆಮೇಲೆ ನಾಲ್ಕು. ಕಂಪನಿ ಮರುವರ್ಷ ತನ್ನದೇ ಅರ್ಜಿ ನಮೂನೆ ಮಾಡಿತು. ಏನಾದರೂ ಆದರೆ ಅದಕ್ಕೆ ಸ್ಪರ್ಧಿಯೇ ಹೊಣೆ ಎಂಬ ಸಾಲು ಅದರಲ್ಲಿತ್ತು, ವೃತ್ತಿಪರರ ವಿಭಾಗ ಇರಲಿಲ್ಲ, ನಮ್ಮ ಐವರ ಅರ್ಜಿಗಳು ವಾಪಸು ಬಂದವು. ಸೈಕಲ್ ಅಂಗಡಿಯವರು ಆ ನಮೂನೆಗೆ ಸಹಿ ಹಾಕಿ ಓಡಿದರು. ಓಡಿದ ಮೇಲೆ ನನಗೆ ಫೋನ್ ಮಾಡಿ ಹೇಳಿದರು. ತಪ್ಪಾಯಿತೇನ್ರಿ ಅಕ್ಕಾ ಎಂದು ಕೇಳಿದರು. ಇಲ್ಲ ಎಂದೆ. ಆಮೇಲೆ ಅವರು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ.

ನಿಫಾಡದವಳು ಒಂದು ದಿನ ಬ್ಯಾಂಕಿಗೆ ಬಂದಳು. ಕೌಂಟರಿನ ಸಾಲಿನಲ್ಲಿ ಎಲ್ಲರಂತೆ ನಿಂತು, ತನ್ನ ಸರದಿ ಬಂದಾಗ ಪ್ಲಾಸ್ಟಿಕ್ ಚೀಲದಿಂದ ಪ್ರಮಾಣಪತ್ರ ತೆಗೆದು ನನ್ನ ಮುಂದಿಟ್ಟಳು. ಪೊಲೀಸ್ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಅದನ್ನು ಪಕ್ಕಕ್ಕಿಟ್ಟಿದ್ದರು. ಮಾನ್ಯತೆ ಇರುವ ಕ್ರೀಡಾ ಸಂಸ್ಥೆ ನಡೆಸಿದ ಸ್ಪರ್ಧೆಯ ಪತ್ರ ಮಾತ್ರ ನಡೆಯುತ್ತದಂತೆ. ಇದು ಕಂಪನಿಯ ಪತ್ರ. ನಾನು ನಮ್ಮ ಕರಾರನ್ನು ತೆಗೆದು ಓದಿದೆ. ಮೊದಲ ಮೂವರಿಗೆ ಪ್ರಮಾಣಪತ್ರ ಎಂದು ಬರೆದಿತ್ತು. ಮಾನ್ಯತೆ ಎಂಬ ಪದ ಎಲ್ಲಿಯೂ ಇರಲಿಲ್ಲ. ದೋಣಿಗೆ ಮೋಟರು ಇರಬೇಕೆಂದು ಬರೆದವಳಿಗೆ, ಮೂರು ಸಲ ತಿದ್ದಿದವಳಿಗೆ, ಆ ಪದ ಹೊಳೆದಿರಲಿಲ್ಲ. ಎಂಟು ತಿಂಗಳು ಅವಳ ಜೊತೆ ನೀರಿನಲ್ಲಿದ್ದೆ. ಅವಳಿಗೆ ಏನು ಬೇಕೆಂದು ನನಗೆ ಗೊತ್ತಿತ್ತು. ನೌಕರಿ ಇರುವವಳು ಬರೆದ ಕರಾರು ಅದು.

ನೀವೇನಾದರೂ ಬರೆದುಕೊಟ್ಟರೆ ನಡೆಯಬಹುದೇ ಎಂದು ಅವಳು ಕೇಳಿದಳು. ನಡೆಯುವುದಿಲ್ಲ ಎಂದೆ. ಪತ್ರವನ್ನು ಮಡಚದೆ, ಮೂಲೆ ಮುದುಡದಂತೆ ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದಳು. ಅವಳ ಹಿಂದೆ ನಿಂತಿದ್ದವರು ಹಣ ಕಟ್ಟುವ ಚೀಟಿ ಮುಂದೆ ಚಾಚಿದರು.

ನನಗೆ ವರ್ಗದ ಆದೇಶ ಬಂತು. ಹೋಗುವ ಮೊದಲು ಸಂಘಟನೆ ಮುಗಿಯಿತು ಎಂದು ನೇಕಾರನಿಗೆ ನಾನೇ ಹೋಗಿ ಹೇಳಬೇಕೆನ್ನಿಸಿತು. ಮಾಲೇಗಾಂವಿಗೆ ಹೋದೆ. ಅವನ ಶೆಡ್ಡು ಇದ್ದ ಓಣಿಯಲ್ಲಿ ಎರಡೂ ಕಡೆ ಮಗ್ಗಗಳು, ಮಾತು ಕೇಳುವಂತಿರಲಿಲ್ಲ. ಅವನು ಹೊರಗೆ ಬಂದು ಓಣಿಯ ತುದಿಯ ಚಹಾದ ಅಂಗಡಿಯ ಕಟ್ಟೆಗೆ ಕರೆದುಕೊಂಡು ಹೋದ. ತೂಕ ಸ್ವಲ್ಪ ಹೆಚ್ಚಿತ್ತು. ತರಬೇತಿ ಬಿಟ್ಟು ಒಂದು ವರ್ಷವಾಗಿತ್ತಂತೆ. ಸೈಕಲ್ ಮಾರಿದ್ದ. ಬೀದರಿನ ಕಡೆ ನಾವು ಕೇಳಿ ಬೆಳೆದ ಹಿಂದಿಗೂ ಅವನ ಹಿಂದಿಗೂ ಹೆಚ್ಚು ದೂರವಿಲ್ಲ, ನಾವು ಯಾವಾಗಲೂ ಅದರಲ್ಲೇ ಮಾತಾಡುತ್ತಿದ್ದೆವು.

ಹೇಳಬೇಕಾದ್ದನ್ನು ಹೇಳಿದೆ. ಅವನಿಗೆ ಆಶ್ಚರ್ಯವಾಗಲಿಲ್ಲ. ಆ ದಿನ ನೀನು ಹೋಗು ಎಂದು ನಾನು ಹೇಳಬೇಕಿತ್ತು ಎಂದೆ. ಅವನು ಚಹಾ ಊದಿ ಕುಡಿಯುತ್ತಿದ್ದ. ಆಗ, ಅದುವರೆಗೆ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದೆ. ದಿಬ್ಬದ ಮೇಲೆ ನಿಂತು ಎಣಿಸಿದ್ದನ್ನು, ಒಂದು ಟೋಪಿ ಕಡಿಮೆ ಬಂದದ್ದನ್ನು, ಆಗ ನನಗೆ ಮೊದಲು ಅನ್ನಿಸಿದ್ದನ್ನು. ನೀನು ಯಾರ ಮಾತಿಗೆ ನಿಂತೆ ಎಂಬುದು ನಿನಗೆ ಗೊತ್ತಿರಲಿ ಎಂದು ಹೇಳಿದೆ.

ಅವನು ತೋಳಿಗೆ ಅಂಟಿದ್ದ ನೂಲಿನ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತ ಕೂತ. ಶೆಡ್ಡಿನ ಬಾಗಿಲಿನಿಂದ ಯಾರೋ ಅವನನ್ನು ಕೂಗಿದರು, ಅವನ ಮಗ್ಗದಲ್ಲಿ ನೂಲು ಹರಿದಿತ್ತು. ಎದ್ದು ನಿಂತು ಗ್ಲಾಸನ್ನು ಕಟ್ಟೆಯ ಮೇಲಿಟ್ಟ.

"ನಾನೂ ಎಣಿಸ್ತಿದ್ದೆ ಮ್ಯಾಡಮ್" ಎಂದ. "ನನಗೂ ಹನ್ನೊಂದೇ ಬಂದಿತ್ತು."

ಅದನ್ನು ಹೇಳುವಾಗ ಅವನು ನನ್ನ ಕಡೆ ನೋಡುತ್ತಿರಲಿಲ್ಲ. ಒಳಗೆ ಹೋದ.